ಒಳಗೆ ಬಿಟ್ಟ ಅರ್ಧ ಇಂಚು

ಸೊಸೆ ತಂದು ಸೋಫಾದ ಮೇಲೆ ಎಸೆದ ಪೊಟ್ಟಣದಲ್ಲಿ ಏನಿದೆಯೆಂದು ಅರ್ಧಿಂಚಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ಬಿದ್ದ ಸದ್ದಿಗೇ ಅವರ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೆ ನಿಂತುಹೋಯಿತು.

"ಹೊಸ ಯೂನಿಫಾರ್ಮು ಬಂತಾ?"

"ಬಂತು," ಎಂದಳು ಸೊಸೆ. "ನಾನು ಮಾತ್ರ ಅದರೊಳಗೆ ಹೋಗಲಿಲ್ಲ."

ಅವಳು ದೊಡ್ಡ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ನಿಲ್ಲುವವಳು. ಹೋಟೆಲಿಗೆ ಹೊಸ ಬಣ್ಣ ಬಳಿದು, ಹೊಸ ಪರದೆ ಕಟ್ಟಿ, ಕೆಲಸದವರಿಗೆಲ್ಲ ಹೊಸ ನೀಲಿ ಕೋಟು ಕೊಡುವುದೆಂದು ತೀರ್ಮಾನವಾಗಿತ್ತು. ಉಗ್ರಾಣದವರು ಅಳತೆ ಕೇಳಿದ ದಿನ ಅವಳು ಹಳೆಯ ಕೋಟಿನ ಕಾಲರು ಮಡಚಿ, ಅಲ್ಲಿದ್ದ ನಂಬರು ಓದಿ ಹೇಳಿ ಬಂದಿದ್ದಳು. ಇಂದು ಕೋಟು ಕೈಗೆ ಬಂದಿತ್ತು. ಹಾಸಿಗೆ ಹೊದಿಕೆಗಳನ್ನು ಪೇರಿಸಿಟ್ಟ ಕೋಣೆಯಲ್ಲಿ ಎಲ್ಲರೂ ಒಟ್ಟಿಗೇ ಹಾಕಿ ನೋಡಿದರಂತೆ. ಇವಳ ಕೋಟಿನ ಎರಡು ಅಂಚುಗಳು ಮಾತು ಬಿಟ್ಟ ಓರಗಿತ್ತಿಯರ ಹಾಗೆ ದೂರ ದೂರ ನಿಂತವಂತೆ. ಕ್ಯಾಷ್ ಕೌಂಟರಿನ ಹುಡುಗಿ ಸಹಾಯ ಮಾಡುತ್ತೇನೆಂದು ಎರಡನ್ನೂ ಜಗ್ಗಿ ಗುಂಡಿ ಹಾಕಿದಳಂತೆ. ಗುಂಡಿ ಹಾರಿ ಉಗ್ರಾಣದವರ ಕನ್ನಡಕಕ್ಕೆ ಬಡಿಯಿತಂತೆ. ಎಲ್ಲರೂ ನಕ್ಕರು, ಇವಳೂ ನಕ್ಕಳು. ಬಸ್ಸಿನಲ್ಲಿ ಮಾತ್ರ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಾ ಬಂದಿದ್ದಳು.

"ಹಳೇ ಕೋಟು ಇವತ್ತು ಬೆಳಿಗ್ಗೆ ಕೂಡ ಸರಿಯಾಗಿತ್ತು ಅತ್ತೆ. ಎರಡಕ್ಕೂ ಒಂದೇ ನಂಬರು. ಅಳತೆ ಕೊಟ್ಟು ಇನ್ನೂ ಒಂದು ತಿಂಗಳಾಗಿಲ್ಲ. ಅಷ್ಟರಲ್ಲಿ ನನಗೇನಾಯ್ತು?"

ಈ ಪ್ರಶ್ನೆಗೆ ಉತ್ತರ ಬಲ್ಲವರು ಮನೆಯಲ್ಲಿ ಒಬ್ಬರೇ ಇದ್ದರು. ಅವರು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದರು.

ಅರ್ಧಿಂಚಮ್ಮ ಎಂಬುದು ಬೀದಿ ಇಟ್ಟ ಹೆಸರು. ಯಾರ ಬಟ್ಟೆಯೇ ಆಗಲಿ, ಒಳಹೊಲಿಗೆಯಲ್ಲಿ ಎರಡೂ ಕಡೆ ಅರ್ಧ ಇಂಚು ಬಟ್ಟೆ ಹೆಚ್ಚಿಗೆ ಮಡಚಿ ಬಿಡುವುದು ಅವರ ಪದ್ಧತಿ. ಬಿಡಬೇಕೋ ಬೇಡವೋ ಎಂದು ಅವರು ಯಾರನ್ನೂ ಕೇಳಿದವರಲ್ಲ. ಮುಂದೊಂದು ದಿನ ಬಟ್ಟೆ ಬಿಗಿಯಾದರೆ ಬಿಚ್ಚಿ ಸಡಿಲಿಸಿಕೊಡುವರು, ಗಿರಾಕಿಗಳು ಹರಸಿಕೊಂಡು ಹೋಗುವರು.

ಹೆರಿಗೆಯ ರಜೆ ಮುಗಿಸಿ ಸೊಸೆ ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ ಕೋಟು ಮುಚ್ಚಿಕೊಂಡಿರಲಿಲ್ಲ. ಕನ್ನಡಿಯ ಮುಂದೆ ಅರೆಗಳಿಗೆ ನಿಂತು, ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಅವಳು ಹೊರಟುಹೋಗಿದ್ದಳು. ಅಂದು ಸಂಜೆ ಇಸ್ತ್ರಿ ಮಾಡುವಾಗ ಅತ್ತೆ ಪಕ್ಕದ ಹೊಲಿಗೆ ಬಿಚ್ಚಿ, ದರ್ಜಿ ಒಳಗೆ ಮಡಚಿ ಬಿಟ್ಟಿದ್ದ ಬಟ್ಟೆಯನ್ನು ಒಂದಿಷ್ಟು ಹೊರಗೆ ಬಿಟ್ಟರು. ಮರುದಿನ ಗುಂಡಿಗಳು ಸರಾಗವಾಗಿ ಕಾಜ ಸೇರಿದವು. ಸೊಸೆ ಗುನುಗುತ್ತಾ ಮೆಟ್ಟಿಲಿಳಿದಳು. ಆ ಗುನುಗು ಕೇಳುವ ಆಸೆಗೇ ಅವರು ಮತ್ತೊಮ್ಮೆ ಬಿಚ್ಚಿದರು, ಆಮೇಲೆ ಇನ್ನೊಮ್ಮೆ. ಒಳಗಿನ ಬಟ್ಟೆ ತೀರಿದ ಮೇಲೆ ಕಂಕುಳಿನ ಕೆಳಗೆ ಅದೇ ಬಣ್ಣದ ಸಣ್ಣ ಪಟ್ಟಿ ಕೂಡಿಸಿದರು. ಮಗುವಾಗಿದ್ದ ಮೊಮ್ಮಗಳು ಈಗ ಶಾಲೆಗೆ ಹೋಗಿ ಜಗಳವಾಡಿಕೊಂಡು ಬರುವಷ್ಟು ದೊಡ್ಡವಳಾಗಿದ್ದಳು. ಕಾಲರಿನ ಒಳಗಿನ ನಂಬರು ಮಾತ್ರ ಇದ್ದಲ್ಲೇ ಇತ್ತು.

"ಬಾಯಿ ಕಟ್ಟಬೇಕಮ್ಮ," ಎಂದರು ಅರ್ಧಿಂಚಮ್ಮನ ಯಜಮಾನರು. ಬಸ್ ಓಡಿಸಿ ನಿವೃತ್ತರಾದ ಅವರು ಕಿಟಕಿಯ ಬಳಿ ಕುಳಿತು ಬಟಾಣಿ ಸುಲಿಯುತ್ತಿದ್ದರು. ಸುಲಿದದ್ದರಲ್ಲಿ ಅರ್ಧ ಬಟ್ಟಲಿಗೆ, ಅರ್ಧ ಬಾಯಿಗೆ. "ನನ್ನನ್ನ ನೋಡು. ಈ ಪ್ಯಾಂಟು ನಾನು ಸ್ಟೇರಿಂಗ್ ಹಿಡಿದಿದ್ದ ಕಾಲದ್ದು. ಅದೇ ಹುಕ್ಕು, ಅದೇ ಸೊಂಟ. ಒಂದು ಕೂದಲೆಳೆ ವ್ಯತ್ಯಾಸ ಇಲ್ಲ."

ಅರ್ಧಿಂಚಮ್ಮ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿದರು. ಆ ಪ್ಯಾಂಟಿನ ಹಿಂಬದಿಯ ಕಥೆ ಇನ್ನೊಂದು.

ಆ ವಾರ ಊಟದ ಮೇಜು ಮಂಕಾಯಿತು. ಸೊಸೆ ಮೊದಲು ಅನ್ನ ಅರ್ಧ ಮಾಡಿದಳು, ಆಮೇಲೆ ಬಿಟ್ಟೇಬಿಟ್ಟಳು. ತಟ್ಟೆಯ ತುಂಬ ಬೇಯಿಸಿದ ಎಲೆಕೋಸು ಹಾಕಿಕೊಂಡು, ಅದನ್ನು ಶತ್ರುವಿನಂತೆ ನೋಡುತ್ತಾ ತಿಂದಳು. ಅವಳ ಪಾಲಿನ ಆಲೂಗಡ್ಡೆ ಹಾಳಾಗಬಾರದೆಂಬ ಕಾಳಜಿಯಿಂದ ಯಜಮಾನರು ಅದನ್ನೂ ಹಾಕಿಸಿಕೊಂಡರು. ಲಿಫ್ಟ್ ರಿಪೇರಿ ಮಾಡುವ ಮಗ, ಸದಾ ಕೈಗೆ ಗ್ರೀಸು ಮೆತ್ತಿಕೊಂಡಿರುವ ಕಡ್ಡಿಯಂಥ ಮನುಷ್ಯ, ನೀನೇನೂ ದಪ್ಪಗಾಗಿಲ್ಲ ಎಂದು ಹೆಂಡತಿಗೆ ಹೇಳಿ ಹೇಳಿ ಬೈಸಿಕೊಂಡ.

ರಜೆಯ ದಿನ ಅವಳು ತರಕಾರಿ ಹೆಚ್ಚುತ್ತಾ ತೀರ್ಮಾನ ಹೇಳಿದಳು. ಕ್ಯಾಷ್ ಕೌಂಟರಿನ ಹುಡುಗಿಗೆ ಗೊತ್ತಿರುವ ಸರ್ಜನ್ ಒಬ್ಬರಿದ್ದಾರೆ. ಹೊಟ್ಟೆಗೆ ಸಣ್ಣ ತೂತು ಮಾಡಿ, ಕೊಳವೆ ಇಳಿಸಿ, ಕೊಬ್ಬನ್ನು ಹೀರಿ ತೆಗೆಯುತ್ತಾರೆ. ದಿನ ಗೊತ್ತಾಗಿದೆ. ರಜೆಗೂ ಬರೆದುಕೊಟ್ಟಾಗಿದೆ. ಖರ್ಚು ತನ್ನ ಸಂಬಳದ್ದು, ಯಾರ ಕೈಯನ್ನೂ ನೋಡಬೇಕಾಗಿಲ್ಲ.

ಮಗ ಕಾಫಿ ಲೋಟ ಕೆಳಗಿಟ್ಟ. "ಆಪರೇಷನ್ನಾ? ಒಂದು ಕೋಟಿನ ಸಲುವಾಗಿ?"

"ಕೋಟಿನ ಸಲುವಾಗಿ ಅಲ್ಲ. ಒಂದೇ ತಿಂಗಳಲ್ಲಿ ಇಷ್ಟು ಬಂದಿದೆ. ಮುಂದಿನ ತಿಂಗಳು ಇನ್ನೆಷ್ಟು ಬರುತ್ತೋ? ನನಗೆ ಭಯ ಆಗ್ತಿದೆ ಕಣ್ರೀ. ನಿಮಗೆ ಅರ್ಥ ಆಗಲ್ಲ, ನೀವು ಗಾಳಿ ಕುಡಿದು ಬದುಕೋರು."

ಮಗ ಜಗಳವಾಡಲಿಲ್ಲ. ಎರಡು ದಿನ ಬಿಟ್ಟು ಚೀಲದ ತುಂಬ ಕರಪತ್ರ ತಂದ. ಚರ್ಮದ ಆಸ್ಪತ್ರೆಯೊಂದರ ಲಿಫ್ಟು ಸರಿಮಾಡಲು ಹೋಗಿದ್ದನಂತೆ. ಅಲ್ಲಿ ಕತ್ತರಿ ಹಾಕದೆಯೇ ಕೊಬ್ಬು ಇಳಿಸುವ ಯಂತ್ರಗಳಿವೆಯಂತೆ. ಊಟದ ಹೊತ್ತಿನಲ್ಲಿ ಯಜಮಾನರು ಕನ್ನಡಕ ಏರಿಸಿ, ಕಂಡಕ್ಟರು ಬಸ್ ನಿಲ್ದಾಣದ ಹೆಸರು ಕೂಗುವ ಗತ್ತಿನಲ್ಲಿ ಒಂದೊಂದನ್ನೇ ಓದಿದರು. ಒಂದು ಯಂತ್ರ ಹೊಟ್ಟೆಯ ಮಡಿಕೆಯನ್ನು ಹಿಡಿದು ತಣ್ಣಗೆ ಹೆಪ್ಪುಗಟ್ಟಿಸುತ್ತದೆ. ಇನ್ನೊಂದು ಬಿಸಿ ಮಾಡುತ್ತದೆ. ಮತ್ತೊಂದು ಕಿವಿಗೆ ಕೇಳಿಸದ ಶಬ್ದವನ್ನು ಒಳಗೆ ಬಿಡುತ್ತದೆ. ಗಲ್ಲದ ಕೆಳಗೆ ಜೋತ ಕೊಬ್ಬಿಗಾದರೆ ಇಂಜೆಕ್ಷನ್ನೂ ಉಂಟು.

"ಬೆಣ್ಣೆ ಫ್ರಿಜ್ಜಲ್ಲಿ ಇಟ್ರೆ ಗಟ್ಟಿಯಾಗುತ್ತಲ್ಲ ತಾತ, ಕರಗೋದು ಹೇಗೆ?" ಎಂದಳು ಮೊಮ್ಮಗಳು. ಅವಳಿಗೆ ಮನೆಯವರಿಟ್ಟ ಹೆಸರು ಚಿನಕುರುಳಿ.

ಯಜಮಾನರು ಕರಪತ್ರದ ಸಣ್ಣಕ್ಷರ ಹುಡುಕಿದರು. "ಚಳಿಗೆ ಕೊಬ್ಬಿನ ಕಣ ಸಾಯುತ್ತಂತೆ. ಆಮೇಲೆ ಮೈ ತಾನೇ ಅದನ್ನ ನಿಧಾನಕ್ಕೆ ಸಾಗಹಾಕುತ್ತಂತೆ." ಸ್ವಲ್ಪ ತಡೆದು ಸೇರಿಸಿದರು: "ನಮ್ಮನೇಲಿ ಎಲ್ಲರ ಕೊಬ್ಬೂ ಇರೋದು ನಾಲಿಗೇಲಿ. ಅದಕ್ಕೆ ಯಾವ ಯಂತ್ರ ಅಂತ ಇದರಲ್ಲಿ ಬರೆದಿಲ್ಲ."

ಸೊಸೆ ನಕ್ಕಳು. ಎಷ್ಟೋ ದಿನಗಳ ಮೇಲೆ ಬಂದ ನಗು ಅದು. ಆಗಲೇ ಒಪ್ಪಂದವಾಯಿತು. ಮೊದಲು ಆ ಆಸ್ಪತ್ರೆಯ ಡಾಕ್ಟರನ್ನು ನೋಡುವುದು. ಅವರು ಆಗದು ಎಂದರೆ ಸರ್ಜನ್ ಕೊಟ್ಟ ದಿನ ಇದ್ದೇ ಇದೆ.

ಮರುದಿನ ಮನೆ ಖಾಲಿಯಾದ ಕೂಡಲೇ ಅರ್ಧಿಂಚಮ್ಮ ಹೊಸ ಕೋಟನ್ನು ಪೊಟ್ಟಣದಿಂದ ತೆಗೆದರು. ಅವರ ಲೆಕ್ಕ ಸರಳವಾಗಿತ್ತು. ಇದನ್ನೂ ಹಾಗೆಯೇ ಬಿಚ್ಚಿ ಸಡಿಲಿಸಿಬಿಟ್ಟರೆ, ಇನ್ನೊಮ್ಮೆ ಹಾಕಿ ನೋಡು, ಗಡಿಬಿಡಿಯಲ್ಲಿ ತಪ್ಪಾಗಿರಬೇಕು ಎಂದರಾಯಿತು. ಸರ್ಜನ್ನೂ ಬೇಡ, ಸತ್ಯವೂ ಬೇಡ. ಕೋಟನ್ನು ಒಳಮಗ್ಗುಲು ಮಾಡಿ ಬೆಳಕಿಗೆ ಹಿಡಿದರು. ಅವರ ಕೈ ಹಾಗೇ ನಿಂತಿತು. ಕಾರ್ಖಾನೆಯವರು ಹೊಲಿಗೆಯ ಅಂಚಿಗೇ ಬಟ್ಟೆ ಕತ್ತರಿಸಿ, ಮೇಲೆ ದಾರ ಸುತ್ತಿ ಮುಗಿಸಿದ್ದರು. ಬಿಚ್ಚಲು ಒಳಗೆ ಒಂದು ಎಳೆಯೂ ಇರಲಿಲ್ಲ. ಕೋಟನ್ನು ಮಡಚಿ, ಇದ್ದ ಹಾಗೆಯೇ ಪೊಟ್ಟಣಕ್ಕೆ ಸೇರಿಸಿದರು.

ಹೇಳಿಬಿಡುವುದೇ ಸರಿ ಎಂದುಕೊಂಡದ್ದು ಅಂದು ಸಂಜೆ. ಸೊಸೆ ಒಲೆಯ ಮುಂದೆ ಬೇಳೆ ತಿರುಗಿಸುತ್ತಿದ್ದಳು. ಅತ್ತೆ ಪಕ್ಕದಲ್ಲಿ ಹೋಗಿ ನಿಂತು, ನಿನ್ನ ಹಳೇ ಕೋಟಿನ ವಿಷಯ ಒಂದಿದೆ ಎಂದು ಶುರುಮಾಡಿದರು.

"ಅದನ್ನ ಎಸೀಬೇಡಿ ಅತ್ತೆ," ಎಂದಳು ಸೊಸೆ, ಸೌಟು ಕೈಯಲ್ಲಿದ್ದಂತೆಯೇ. "ಅದೊಂದೇ ನನಗೆ ಧೈರ್ಯ. ಇವರು ನೋಡಿದ್ರೆ ದಪ್ಪ ಇಲ್ಲ ಅಂತ ಬಾಯಿಮಾತಿಗೆ ಹೇಳ್ತಾರೆ. ಮಾವನಿಗೆ ಎಲ್ಲಾ ತಮಾಷೆ. ಈ ಮನೇಲಿ ನನಗೆ ಸುಳ್ಳು ಹೇಳದೆ ಇರೋರು ಅಂದ್ರೆ ನೀವೊಬ್ಬರೇ." ಆಮೇಲೆ ಕೇಳಿದಳು: "ಏನೋ ಹೇಳ್ತಿದ್ರಿ?"

"ಏನಿಲ್ಲ," ಎಂದರು ಅರ್ಧಿಂಚಮ್ಮ. "ಬೇಳೆ ತಳ ಹಿಡೀತಿದೆ ನೋಡು."

ಬೇಳೆ ತಳ ಹಿಡಿದಿರಲಿಲ್ಲ.

ಆಸ್ಪತ್ರೆಗೆ ಹೋಗುವ ದಿನ ಮಗನಿಗೆ ಯಾವುದೋ ಕಟ್ಟಡದಲ್ಲಿ ಲಿಫ್ಟು ನಡುಮಹಡಿಯಲ್ಲಿ ಸಿಕ್ಕಿಕೊಂಡಿತ್ತು. ಜೊತೆಗೆ ಅತ್ತೆಯೇ ಬರಬೇಕಾಯಿತು. ಸೊಸೆ ಕೆಲಸ ಮುಗಿಸಿ, ಹಳೆಯ ಕೋಟಿನಲ್ಲೇ ನೇರವಾಗಿ ಬಂದಿದ್ದಳು. ನೆಲ ಹೊಳೆಯುವ ಪಡಸಾಲೆ, ಗೋಡೆಗೆ ಒರಗಿಸಿದ ಕುರ್ಚಿಗಳು, ಮೂಲೆಯಲ್ಲಿ ನೀರಿನ ಕ್ಯಾನು. ಡಾಕ್ಟರು ನಡುವಯಸ್ಸಿನ ಹೆಂಗಸು, ಅವಸರವಿಲ್ಲದೆ ಮಾತನಾಡುವವರು. ಯಾವಾಗಿನಿಂದ ಹೀಗಾಗಿದೆ ಎಂದು ಕೇಳಿದರು.

"ಒಂದು ತಿಂಗಳಿಂದ," ಎಂದಳು ಸೊಸೆ. "ಈ ಕೋಟೇ ಸಾಕ್ಷಿ. ಇದರ ನಂಬರೇ ಹೊಸದಕ್ಕೂ ಕೊಟ್ಟಿದ್ದು."

ಡಾಕ್ಟರು ಪೆನ್ನು ಎತ್ತಿ ನೇರವಾಗಿ ಕುಳಿತರು. ಅಷ್ಟು ಬೇಗ ಅಷ್ಟು ಬದಲಾವಣೆ ಆಗಿದ್ದರೆ ಯಂತ್ರದ ಮಾತು ಆಮೇಲೆ, ಸರ್ಜನ್ ಮಾತು ಅದಕ್ಕೂ ಆಮೇಲೆ ಎಂದರು. ಮೊದಲು ಒಳಗೆ ಬೇರೇನಾದರೂ ತೊಂದರೆ ಇದೆಯೇ ಎಂದು ನೋಡಬೇಕು. ರಕ್ತದ್ದೊಂದು, ಗ್ರಂಥಿಯದ್ದೊಂದು, ಹೊಟ್ಟೆಯ ಸ್ಕ್ಯಾನು, ಹೀಗೆ ಪರೀಕ್ಷೆಗಳ ಹೆಸರು ಒಂದರ ಕೆಳಗೊಂದು ಕಾಗದದ ಮೇಲೆ ಇಳಿಯತೊಡಗಿದವು. ಪ್ರತಿಯೊಂದು ಹೆಸರಿಗೂ ಸೊಸೆಯ ಮುಖದ ಬಣ್ಣ ಒಂದಿಷ್ಟು ಇಳಿಯಿತು. ಮೇಜಿನ ಕೆಳಗೆ ಅವಳ ಕೈ ಅತ್ತೆಯ ಕೈಯನ್ನು ಹುಡುಕಿ ಹಿಡಿಯಿತು.

ನರ್ಸು ಸೊಂಟದ ಅಳತೆಗೆಂದು ಕೋಟು ಬಿಚ್ಚಿಸಿಕೊಂಡಳು. ಒಳಬಟ್ಟೆಯ ಅಸ್ತರಿಲ್ಲದ ಕೋಟು. ಗೂಟಕ್ಕೆ ಹಾಕುವಾಗ ತಿರುವಿಕೊಂಡು ಒಳಮಗ್ಗುಲು ಹೊರಗೆ ಬಂದಿತು. ಪಕ್ಕದುದ್ದಕ್ಕೂ ಸೂಜಿಯ ಹಳೆಯ ತೂತುಗಳು ಗೆರೆಯ ಪಕ್ಕ ಗೆರೆಯಾಗಿ ಇಳಿದಿದ್ದವು. ಗೆರೆಗಳ ನಡುವೆ ಬಿಸಿಲು ಕಂಡಿರದ ಬಟ್ಟೆ ಕಡುನೀಲಿಯಾಗಿತ್ತು.

"ಇದೇನು, ಇಷ್ಟೊಂದು ಗೆರೆ?" ಎಂದಳು ನರ್ಸು.

ಸೊಸೆ ತಿರುಗಿ ನೋಡುವ ಮೊದಲೇ ಅರ್ಧಿಂಚಮ್ಮ ಎದ್ದು ನಿಂತಿದ್ದರು.

"ಬರೀಬೇಡಿ ಡಾಕ್ಟ್ರೇ. ಅದು ಒಂದು ತಿಂಗಳದ್ದಲ್ಲ. ಮಗು ಹುಟ್ಟಿದಾಗಿನಿಂದ ಸ್ವಲ್ಪ ಸ್ವಲ್ಪವೇ ಬಂದಿದ್ದು. ಪ್ರತಿ ಸಲಾನೂ ನಾನೇ ಹೊಲಿಗೆ ಬಿಚ್ಚಿ ಸಡಿಲ ಮಾಡಿದ್ದೀನಿ. ಅವಳಿಗೆ ಗೊತ್ತಿಲ್ಲ."

ಸೊಸೆ ಅತ್ತೆಯ ಪಕ್ಕದಿಂದ ಒಂದು ಹೆಜ್ಜೆ ಆಚೆ ಸರಿದಳು.

ಡಾಕ್ಟರು ಎದ್ದು ಹೋಗಿ ಕೋಟು ನೋಡಿದರು, ಕಂಕುಳಿನ ಕೆಳಗಿನ ಪಟ್ಟಿಯನ್ನೂ ಮುಟ್ಟಿ ನೋಡಿದರು. ನಗು ಬಂದರೂ ತೋರಿಸಿಕೊಳ್ಳಲಿಲ್ಲ. ಕಾಗದದಲ್ಲಿ ಒಂದು ರಕ್ತಪರೀಕ್ಷೆ ಉಳಿಸಿ ಮಿಕ್ಕದ್ದನ್ನು ಹೊಡೆದುಹಾಕಿದರು. ಹೀಗೆ ವರ್ಷಗಟ್ಟಲೆ ನಿಧಾನವಾಗಿ ಬಂದದ್ದಕ್ಕೆ ಭಯಪಡುವಂಥದ್ದು ಕಾಣಿಸುತ್ತಿಲ್ಲ ಎಂದರು. ಕೊಳವೆ ಇಳಿಸುವುದು ಇಷ್ಟಕ್ಕೆ ಅಗತ್ಯವಿಲ್ಲ. ತಂಪಿನ ಯಂತ್ರ ಬೇಕೆಂದರೆ ಹೊಕ್ಕುಳ ಕೆಳಗಿನ ಮಡಿಕೆಗೆ ಹಾಕಬಹುದು. ಆದರೆ ಅದು ತೂಕ ಇಳಿಸುವ ಯಂತ್ರವಲ್ಲ, ಒಂದು ಮಡಿಕೆಯನ್ನು ಸ್ವಲ್ಪ ತೆಳ್ಳಗೆ ಮಾಡುವ ಯಂತ್ರ. ಕಣ್ಣಿಗೆ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಚರ್ಮ ಕೆಲವು ದಿನ ಜೋಮು ಹಿಡಿದಂತಿರುತ್ತದೆ. ಎಲ್ಲೋ ಅಪರೂಪಕ್ಕೆ ಆ ಜಾಗ ಇಳಿಯುವ ಬದಲು ಊದಿಕೊಳ್ಳುವುದೂ ಉಂಟು. ನಡಿಗೆ, ಹಿತಮಿತ ಊಟ ಇದ್ದದ್ದೇ. ಮನೆಗೆ ಹೋಗಿ ಯೋಚಿಸಿ ಬನ್ನಿ ಎಂದು ಕಳಿಸಿದರು.

ಬಸ್ಸಿನಲ್ಲಿ ಜೋಡಿ ಸೀಟು ಖಾಲಿಯಿತ್ತು. ಸೊಸೆ ಮುಂದಿನ ಒಂಟಿ ಸೀಟಿನಲ್ಲಿ ಕುಳಿತಳು.

ಮನೆಯಲ್ಲಿ ಅವಳು ಕೂಗಾಡಲಿಲ್ಲ. ಎಲ್ಲರಿಗೂ ಬಡಿಸಿದ ಮೇಲೆ ಕೈಕಟ್ಟಿ ನಿಂತು, ನಡೆದದ್ದನ್ನು ಹೋಟೆಲಿನ ಅತಿಥಿಗಳಿಗೆ ಹೇಳುವಷ್ಟು ಮರ್ಯಾದೆಯ ದನಿಯಲ್ಲಿ ಹೇಳಿದಳು. ಕೊನೆಗೆ ಅತ್ತೆಯ ಕಡೆ ತಿರುಗಿದಳು.

"ನನ್ನ ಹೊಟ್ಟೆ ವಿಷಯ ನನಗಿಂತ ಮೊದಲು ನಿಮಗೆ ಗೊತ್ತಿತ್ತು. ನನಗೆ ಹೇಳಬೇಕು ಅಂತ ಒಂದು ದಿನಾನೂ ಅನ್ನಿಸಲಿಲ್ಲ ಅಲ್ವಾ? ಅಲ್ಲಿ ಅಷ್ಟು ಜನರ ಮುಂದೆ ಗುಂಡಿ ಹಾರಿದ್ದು ನಂದು, ನಿಮ್ಮದಲ್ಲ."

"ನೀನು ಗುನುಗ್ತಾ ಹೋಗ್ತಿದ್ದೆ," ಎಂದರು ಅರ್ಧಿಂಚಮ್ಮ.

ಯಜಮಾನರಿಗೆ ಹೆಂಡತಿಯನ್ನು ತರಾಟೆಗೆ ತೆಗೆದುಕೊಳ್ಳಲು ಇಂಥ ಅವಕಾಶ ಸಿಗುವುದೇ ಅಪರೂಪ. ಇದು ಮನೆಯವರ ಕಣ್ಣಿಗೆ ಮಣ್ಣೆರಚುವ ಕೆಲಸ ಎಂದರು. ಪಾಪ, ಆ ಹುಡುಗಿ ನಂಬಿದ್ದಳು ಎಂದರು. ಮನುಷ್ಯನಿಗೆ ತನ್ನ ಅಳತೆ ತನಗೆ ಗೊತ್ತಿರಬೇಕು, ನನ್ನ ಹಾಗೆ, ಎಂದು ಎದೆ ಸೆಟೆಸಿದರು. ಅವರ ಉಪನ್ಯಾಸ ನಡೆಯುತ್ತಿದ್ದಂತೆ ಚಿನಕುರುಳಿ ಮೆಲ್ಲಗೆ ಎದ್ದು ಹೋಗಿ, ಬಟ್ಟೆ ಒಣಗಿಸುವ ತಂತಿಯಿಂದ ತಾತನ ಇನ್ನೊಂದು ಪ್ಯಾಂಟನ್ನು ಇಳಿಸಿಕೊಂಡು, ಒಳಮಗ್ಗುಲು ಮಾಡಿಕೊಂಡು ಬಂದಳು.

"ತಾತ, ನಿಮ್ಮದ್ರಲ್ಲೂ ಗೆರೆ ಇದೆ. ಹಿಂದುಗಡೆ ತ್ರಿಕೋನಾನೂ ಇದೆ. ಬೇರೆ ಬಟ್ಟೇದು."

ಯಜಮಾನರು ಪ್ಯಾಂಟನ್ನು ಕೈಗೆ ತೆಗೆದುಕೊಂಡು, ತ್ರಿಕೋನವನ್ನು ಹೆಬ್ಬೆರಳಿನಿಂದ ಸವರಿದರು. ಅದು ಅಂಗೈಗಿಂತ ಅಗಲವಾಗಿತ್ತು. ಹೆಂಡತಿಯನ್ನು ನೋಡಿದರು. ಹೆಂಡತಿ ಉಪ್ಪಿನ ಬಟ್ಟಲನ್ನು ನೋಡಿದರು. ಮಗ ಕೆಮ್ಮಿದಂತೆ ಮಾಡಿ ತನ್ನ ಅಂಗಿಯ ಪಕ್ಕವನ್ನು ಮುಟ್ಟಿಕೊಂಡ. ಅಲ್ಲಿ ಏನೂ ಇರಲಿಲ್ಲ. ಅಂದಿನ ಉಪನ್ಯಾಸ ಅಲ್ಲಿಗೇ ಮುಗಿಯಿತು, ಆದರೆ ಯಜಮಾನರು ಅನ್ನಕ್ಕೆ ತಟ್ಟೆ ಮುಂದೆ ಚಾಚುವುದನ್ನು ಬಿಡಲಿಲ್ಲ.

ಆಮೇಲಿನ ದಿನಗಳಲ್ಲಿ ಸೊಸೆ ತನ್ನ ಬಟ್ಟೆಗೆ ತಾನೇ ಇಸ್ತ್ರಿ ಹಾಕಿಕೊಂಡಳು. ಅರ್ಧಿಂಚಮ್ಮನಿಗೆ ಬೈಗುಳಕ್ಕಿಂತ ಹೆಚ್ಚು ತಾಗಿದ್ದು ಅದು. ಬೆಳಗಿನ ಜಾವ ಮಂಚದ ಕೊನೆಯಲ್ಲಿ ಕುಳಿತು, ಪಕ್ಕದ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ಟೇಬಲ್ಲಿಗೆ ಬಡಿಯುವ ಸದ್ದು ಕೇಳುವರು. ತೋಳನ್ನು ಉಲ್ಟಾ ಇಸ್ತ್ರಿ ಮಾಡುತ್ತಿದ್ದಾಳೆ ಎಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಮೇಜಿನ ಮೇಲೆ ಮಾತು ಬೇಕಾದಷ್ಟಕ್ಕೇ ನಿಂತಿತು: ನೀರು ಕೊಡಿ, ಬೀಗ ಎಲ್ಲಿ, ಹಾಲು ಬಂತಾ.

ಮೊದಲ ಸಡಿಲ ಬಂದದ್ದು ಹೋಟೆಲಿನ ಉಗ್ರಾಣದಿಂದ. ಸೊಸೆ ಅಲ್ಲಿಗೆ ಹೋಗಿ ತನ್ನ ನಿಜವಾದ ಅಳತೆಯನ್ನು ಗಟ್ಟಿ ದನಿಯಲ್ಲಿ ಹೇಳಿ ಕೋಟು ಬದಲಿಸಿಕೊಡಿ ಎಂದು ಕೇಳಿದ್ದಳು. ಉಗ್ರಾಣದವರು ಹಿಂದಿನ ಕಪಾಟಿನಿಂದ ಒಂದು ತೆಗೆದು ಕೊಟ್ಟರು, ಅಷ್ಟೇ. ಕನ್ನಡಕಕ್ಕೆ ಬಿದ್ದ ಗೀರು ತೋರಿಸಿ, ಇದಕ್ಕಿಂತ ಚಿಕ್ಕದು ಮತ್ತೆ ಕೇಳಬೇಡಮ್ಮ ಎಂದರಂತೆ. ಹೊಸ ಕೋಟು ಕನ್ನಡಿಯ ಮುಂದೆ ಸರಿಯಾಗಿ ಮುಚ್ಚಿಕೊಂಡಿತು. ಅವಳು ಎಡಕ್ಕೆ ತಿರುಗಿ ನೋಡಿದಳು, ಬಲಕ್ಕೆ ತಿರುಗಿ ನೋಡಿದಳು. ಅದೇ ಮಧ್ಯಾಹ್ನ ಸರ್ಜನ್ನಿಗೆ ಫೋನು ಮಾಡಿ, ಬರುವುದಿಲ್ಲ ಎಂದು ತಿಳಿಸಿದಳು. ರಕ್ತಪರೀಕ್ಷೆಯಲ್ಲಿಯೂ ಏನೂ ಸಿಕ್ಕಿರಲಿಲ್ಲ.

ಮಗ ಅಂದು ಗ್ರೀಸಿನ ಕೈಯಲ್ಲೇ ಅಮ್ಮನ ಬಳಿ ಬಂದು, ಆಪರೇಷನ್ ಇಲ್ಲವಂತೆ ಎಂದು ಪಿಸುಗುಟ್ಟಿದ. ಅರ್ಧಿಂಚಮ್ಮ ಗೋಡೆಗೆ ಒರಗಿ ನೆಲಕ್ಕೆ ಕುಳಿತರು. ಅರ್ಧ ಹೊರೆ ಇಳಿದಿತ್ತು.

ಉಳಿದ ಅರ್ಧ ಇಳಿದದ್ದು ರಜೆಯ ದಿನ ಬೆಳಿಗ್ಗೆ. ಅವರು ನೆರೆಮನೆಯವರ ದಿಂಬಿನ ಚೀಲ ಹೊಲಿಯುತ್ತಿದ್ದರು. ಸೊಸೆ ಬಂದು, ಗೋಡೆಯ ಮೊಳೆಯಿಂದ ಅಳತೆ ಟೇಪು ತೆಗೆದು ಅವರ ಮಡಿಲಿಗೆ ಹಾಕಿ, ಎರಡೂ ಕೈ ಮೇಲೆತ್ತಿ ನಿಂತಳು.

"ಅಳೀರಿ. ಬಾಯಿಬಿಟ್ಟು ಹೇಳಿ, ಇಡೀ ಮನೆಗೆ ಕೇಳಲಿ."

ಅತ್ತೆ ಅಳೆದರು, ಅಳತೆಯನ್ನು ಹೇಳಿದರು. ಅಡುಗೆಮನೆಯಿಂದ ಯಜಮಾನರು, ಎಷ್ಟಂತೆ, ಎಂದು ಕೂಗಿದರು. ಅತ್ತೆ ಇನ್ನೊಮ್ಮೆ ಹೇಳಿದರು. ಸೊಸೆಯ ಕಣ್ಣು ತುಂಬಿತು, ಆದರೆ ಅವಳು ಕೈ ಇಳಿಸಲಿಲ್ಲ. ಅರ್ಧಿಂಚಮ್ಮ ಟೇಪನ್ನು ಬೆರಳಿಗೆ ಸುತ್ತುತ್ತಾ ಕುಳಿತಲ್ಲಿಂದಲೇ ಅಂದರು:

"ತಪ್ಪಾಯ್ತು ಮಗಳೆ. ಹೊಟ್ಟೆಗೆ ಹಾಕ್ಕೊ."

ಸೊಸೆ ಅವರನ್ನೇ ದಿಟ್ಟಿಸಿದಳು. "ಇರೋ ಹೊಟ್ಟೆ ಕರಗಿಸೋಕೆ ಇಷ್ಟು ಪಾಡು ಪಡ್ತಿದ್ದೀನಿ. ಇನ್ನೂ ಹಾಕ್ಕೊ ಅಂತೀರಾ?"

ಮಾತು ಮುಗಿಯುವ ಮೊದಲೇ ಅವಳ ತುಟಿ ಅದುರಿತು. ಮೊದಲು ನಕ್ಕವರು ಯಾರೆಂದು ಆಮೇಲೆ ಇಬ್ಬರಿಗೂ ಹೇಳಲಾಗಲಿಲ್ಲ. ದಿಂಬಿನ ಚೀಲ ಜಾರಿ ನೆಲಕ್ಕೆ ಬಿತ್ತು, ಅದನ್ನು ಎತ್ತಲು ಇಬ್ಬರೂ ಬಗ್ಗಿ ತಲೆಗೆ ತಲೆ ತಾಗಿಸಿಕೊಂಡು ಮತ್ತೆ ನಕ್ಕರು. ನಕ್ಕು ಸುಸ್ತಾದ ಮೇಲೆ ಸೊಸೆ ಸ್ಟೂಲು ಎಳೆದುಕೊಂಡು ಕುಳಿತು ಹೇಳಿದಳು: ತಂಪಿನ ಯಂತ್ರಕ್ಕೆ ಹೋಗಬೇಕೆಂದಿದ್ದೇನೆ. ಕೋಟಿಗೋಸ್ಕರ ಅಲ್ಲ, ಯಾರ ಬಾಯಿಗೂ ಹೆದರಿ ಅಲ್ಲ. ಆ ಒಂದು ಮಡಿಕೆ ಕುಳಿತಾಗ ಚುಚ್ಚುತ್ತದೆ, ಅದು ಇಳಿದರೆ ನನಗೆ ಖುಷಿ. ಇಳಿಯದಿದ್ದರೆ ಬೇಡ. ನೀವು ಜೊತೆಗೆ ಬರಬೇಕು.

ಯಂತ್ರದ ದಿನ ಅರ್ಧಿಂಚಮ್ಮ ಮಂಚದ ಪಕ್ಕದಲ್ಲೇ ಕುಳಿತರು. ಸೊಸೆಯ ಹೊಟ್ಟೆಯ ಮೇಲೆ ಜೆಲ್ ಬಟ್ಟೆ ಹಾಸಿ, ನರ್ಸು ಬಟ್ಟಲಿನಂಥದ್ದೊಂದನ್ನು ಒತ್ತಿದಳು. ಅದು ಮಡಿಕೆಯನ್ನು ಗಬಕ್ಕನೆ ಒಳಗೆಳೆದುಕೊಂಡಿತು. ಮೊದಲು ಕೊರೆಯಿತು, ಆಮೇಲೆ ಜೋಮು ಹಿಡಿಯಿತು. ಆ ಹೊತ್ತಿನಲ್ಲಿ ಸೊಸೆ ಹೋಟೆಲಿನ ಕಥೆಗಳನ್ನು ಹೇಳಿದಳು. ಬೀಗದ ಕೈ ಕಳೆದುಕೊಂಡು ಪರರ ಕೋಣೆಯಲ್ಲಿ ನಿದ್ದೆ ಹೋದ ಮುದುಕನ ಕಥೆಗೆ ನರ್ಸು ಕೂಡ ನಿಂತು ಕಿವಿಗೊಟ್ಟಳು. ಬಟ್ಟಲು ತೆಗೆದಾಗ ಚರ್ಮ ಕೆಂಪಾಗಿ, ಗಟ್ಟಿ ಬೆಣ್ಣೆಯಂತೆ ಎದ್ದು ನಿಂತಿತ್ತು. ನರ್ಸು ಅದನ್ನು ನಾದುವಾಗ ಸೊಸೆ ಹಲ್ಲು ಕಚ್ಚಿ, ಹೆರಿಗೇಲೂ ಇಷ್ಟು ನೋಯಲಿಲ್ಲ ಅತ್ತೆ ಎಂದಳು. ಸುಳ್ಳು ಎಂದರು ಅರ್ಧಿಂಚಮ್ಮ, ಆಗ ನೀನು ನನ್ನ ಬಳೆ ಒಡೆದಿದ್ದೆ.

ಮನೆಯ ಊಟ ತಾನಾಗಿಯೇ ದಾರಿಗೆ ಬಂದಿತು. ಎಲೆಕೋಸಿನ ಜೊತೆ ಅನ್ನವೂ ಸೊಸೆಯ ತಟ್ಟೆಗೆ ಮರಳಿತು. ಸಂಜೆ ಮಾರುಕಟ್ಟೆಗೆ ಬಸ್ಸು ಹತ್ತುವುದನ್ನು ಬಿಟ್ಟು ಅತ್ತೆ ಸೊಸೆ ನಡೆದೇ ಹೋಗತೊಡಗಿದರು. ಯಜಮಾನರು ಕೆಲವು ದಿನ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೊಂದು ದಿನ, ನಿಮಗೆ ರಸ್ತೆ ದಾಟಲು ಬರುವುದಿಲ್ಲ ಎಂಬ ಕಾರಣ ಕೊಟ್ಟು ಚಪ್ಪಲಿ ಮೆಟ್ಟಿದರು. ಅವರು ಹೊಸ ಪ್ಯಾಂಟಿಗೆ ಅಳತೆ ಕೊಟ್ಟದ್ದೂ ಆ ವಾರವೇ. ಟೇಪಿನ ಅಂಕಿಯನ್ನು ತಾನೇ ಓದುತ್ತೇನೆಂದು ಹಟ ಹಿಡಿದು ಓದಿ, ಟೇಪನ್ನು ಮೆಲ್ಲಗೆ ಸುತ್ತಿ ಮೊಳೆಗೆ ಹಾಕಿದರು.

"ಬಸ್ಸಿಗೂ ಹಳೇದಾದ ಮೇಲೆ ಹಿಂದಿನ ಸೀಟೇ ಸಡಿಲ ಆಗೋದು," ಎಂದು ಕೊನೆಗೆ ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು.

ಚಿನಕುರುಳಿಯ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಡಾಕ್ಟರು ಹೇಳಿದ್ದ ತಿಂಗಳುಗಳೂ ಮುಗಿದವು. ಮತ್ತೆ ಗೋಡೆಯ ಮೊಳೆಯಿಂದ ಟೇಪು ಇಳಿಯಿತು. ಈ ಸಲ ಮನೆಯವರೆಲ್ಲ ಹೊಲಿಗೆ ಯಂತ್ರದ ಸುತ್ತ ನೆರೆದಿದ್ದರು. ಮಗ ಬಾಗಿಲಿಗೆ ಒರಗಿದ್ದ, ಯಜಮಾನರ ಕೈಯಲ್ಲಿ ಕಡಲೆಕಾಯಿ ಇತ್ತು. ಅರ್ಧಿಂಚಮ್ಮ ಟೇಪು ಸುತ್ತಿ, ಬಗ್ಗಿ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಎಷ್ಟು ಅತ್ತೆ?"

ಒಂದು ಇಂಚು ಎನ್ನುವುದು ಅರ್ಧಿಂಚಮ್ಮನ ನಾಲಿಗೆಯ ತುದಿಯಲ್ಲಿತ್ತು. ಹಾಗೆಂದಿದ್ದರೆ ಸೊಸೆ ಖಂಡಿತ ಗುನುಗುತ್ತಿದ್ದಳು.

"ಅರ್ಧ ಇಂಚು ಕಮ್ಮಿ," ಎಂದರು.

"ಇಷ್ಟು ದೊಡ್ಡ ಯಂತ್ರ ಸುತ್ತಿ ಬಂದು ಕೊನೆಗೆ ನಿನ್ನ ಅರ್ಧ ಇಂಚೇ?" ಎಂದು ಯಜಮಾನರು ನಗುತ್ತಾ ಕಡಲೆಕಾಯಿ ನೆತ್ತಿಗೇರಿಸಿಕೊಂಡರು. ಮಗ ಅವರ ಬೆನ್ನು ತಟ್ಟಬೇಕಾಯಿತು.

ಸೊಸೆ ಟೇಪನ್ನು ತಾನೂ ನೋಡಿಕೊಂಡಳು. ಮಡಿಕೆಯ ಜಾಗವನ್ನು ಅಂಗೈಯಿಂದ ಒತ್ತಿ ನೋಡಿದಳು. ಅವಳ ಮುಖದಲ್ಲಿ ಬಂದದ್ದು ದೊಡ್ಡ ಸಂತೋಷವಲ್ಲ, ಸಾಲದೆಂಬ ಬೇಸರವೂ ಅಲ್ಲ. ಒಳಗೆ ಹೋಗಿ ಹೊಸ ಕೋಟು ತಂದಳು.

"ಇದು ನಿಜವಾದ ಅರ್ಧ ಇಂಚು," ಎಂದಳು. "ಹಿಡೀರಿ."

ಅರ್ಧಿಂಚಮ್ಮ ಕೋಟನ್ನು ಒಳಮಗ್ಗುಲು ಮಾಡಿ, ಪಕ್ಕದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಸೂಜಿಯ ಕೆಳಗಿಟ್ಟು ಪೆಡಲು ತುಳಿದರು. ಹೊಸ ಹೊಲಿಗೆ ಕಾರ್ಖಾನೆಯ ಹೊಲಿಗೆಗಿಂತ ಒಳಗಡೆ, ನೇರವಾಗಿ ಇಳಿಯಿತು. ಎರಡೂ ಹೊಲಿಗೆಗಳ ನಡುವೆ ಸಣ್ಣದೊಂದು ಪಟ್ಟಿ ಬಟ್ಟೆ ಉಳಿಯಿತು. ಅವರು ಕತ್ತರಿ ಕೈಗೆತ್ತಿಕೊಂಡರು. ಇಷ್ಟು ವರ್ಷದ ಕಸುಬಿನಲ್ಲಿ ಯಾರನ್ನೂ ಕೇಳಿರದ ಮಾತನ್ನು ಕೇಳಿದರು.

"ಒಳಗಿಂದು ಕತ್ತರಿಸಲಾ, ಬಿಡಲಾ?"

ಸೊಸೆ ಆ ಪಟ್ಟಿಯನ್ನು ಬೆರಳಿನಿಂದ ಮುಟ್ಟಿದಳು.

"ಬಿಡಿ," ಎಂದಳು. "ಬೇಕಾದಾಗ ನಾನೇ ಕೇಳ್ತೀನಿ." ಹೊರಟವಳು ತಿರುಗಿ ನಿಂತಳು. "ಇಸ್ತ್ರಿನೂ ನೀವೇ ಹಾಕಿಬಿಡಿ ಅತ್ತೆ. ನನಗೆ ತೋಳು ಸರಿ ಬರೋದೇ ಇಲ್ಲ."